ಇನ್‌ಸ್ಟಾಗ್ರಾಂ ಬರೆಯುವವರಿಗೆ ಆಗುತ್ತದಾ? ಪಿಯುಸಿಯಿಂದ ಎಂ.ಎ. ತನಕ ಬಳಸಿದ ಮೇಲೆ

ಇನ್‌ಸ್ಟಾಗ್ರಾಂ ವಿಮರ್ಶೆ ಎಂದರೆ ಸಾಮಾನ್ಯವಾಗಿ ಫಿಲ್ಟರ್, ಮ್ಯೂಸಿಕ್, ರೀಲ್ಸ್ ಎಡಿಟಿಂಗ್ ಇಷ್ಟೇ ಇರುತ್ತದೆ. ಬರೆಯಲಿಕ್ಕೆ ಅದು ಹೇಗುಂಟು ಎಂದು ಯಾರೂ ಹೇಳುವುದಿಲ್ಲ. ನಾನು ಅದನ್ನು ಬಳಸಿದ್ದೇ ಬರೆಯಲಿಕ್ಕೆ. ಪಿಯುಸಿಯಲ್ಲಿ ಶುರು ಮಾಡಿದ್ದು, ಈಗ ಮಂಗಳೂರಿನಲ್ಲಿ ಎಂ.ಎ. ಮುಗಿಯುತ್ತಾ ಬಂತು. ಬಸ್ಸು, ದಕ್ಕೆ (ಮೀನಿನ ಬೋಟು ನಿಲ್ಲುವ ಬಂದರು), ಮಳೆ, ಹಾಸ್ಟೆಲ್ ಊಟ, ರಾತ್ರಿ ಯಕ್ಷಗಾನ ಆಟ ನೋಡಿ ಬಂದ ಸುದ್ದಿ, ಹೀಗೆ ಸಣ್ಣ ಸಣ್ಣ ಬರಹಗಳು. ಎಲ್ಲ ಕನ್ನಡದಲ್ಲಿ. ಖಾತೆ ದೊಡ್ಡದೇನಲ್ಲ. ಆದರೆ ಹೊಸದಾಗಿ ಬರೆಯುವ ಜೂನಿಯರ್‌ಗಳು "ಅಕ್ಕಾ, ಬರೆದದ್ದನ್ನು ಎಲ್ಲಿ ಹಾಕುವುದು?" ಎಂದು ಆಗಾಗ ಕೇಳುತ್ತಾರೆ. ಅವರಿಗೆ ಕ್ಯಾಂಟೀನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ನನ್ನ ತೀರ್ಪು ಮೊದಲೇ ಕೇಳಿ. ಓದುಗರು ಸಿಗಲಿಕ್ಕೆ ಇದು ಒಳ್ಳೆಯ ಜಾಗ. ಆದರೆ ಯಾವ ಓದುಗರಿಗೆ ಬರೆಯಬೇಕು ಎನ್ನುವುದನ್ನು ಆ್ಯಪ್ ಕೈಗೆ ಕೊಡಬಾರದು. ಕೊಟ್ಟರೆ ಅದು ತನಗೆ ಬೇಕಾದವರನ್ನು ಕರೆದು ತರುತ್ತದೆ. ಬರಹ ಅವರ ಹಿಂದೆ ಹೊರಟುಬಿಡುತ್ತದೆ. ಐದರಲ್ಲಿ ಮೂರೂವರೆ ಸ್ಟಾರ್.

ಇದು ಮೂಲದಲ್ಲಿ ಫೋಟೋ ಆ್ಯಪ್. 2010ರಲ್ಲಿ ಹುಟ್ಟಿದ್ದೇ ಹಾಗೆ. ಬರೆಯುವವರಿಗೆ ಇರುವುದು ಫೋಟೋದ ಕೆಳಗಿನ ಕ್ಯಾಪ್ಷನ್, ಅದಕ್ಕೆ 2200 ಅಕ್ಷರದ ಮಿತಿ. ಕೇಳುವಾಗ ಬಹಳ ಅನಿಸುತ್ತದೆ ಅಲ್ವಾ? ಕನ್ನಡಕ್ಕೆ ಅದು ಅಷ್ಟಿಲ್ಲ. 'ಲಕ್ಷ್ಮೀ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್, ಫೋನುಗಳು ಅಕ್ಷರ ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಏಳು. ಒತ್ತು, ದೀರ್ಘ, ಕೊಂಬು, ಎಲ್ಲವೂ ಬೇರೆ ಬೇರೆ ಎಣಿಕೆ. ಹಾಗಾಗಿ ಮುನ್ನೂರು ಪದದ ಆಚೀಚೆ ಜಾಗ ಮುಗಿಯುತ್ತದೆ.

ನನಗೆ ಇದು ಕೊರತೆ ಅನಿಸಲಿಲ್ಲ. ಹೈಸ್ಕೂಲಿನಲ್ಲಿ ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅದನ್ನು ಓದುವವರು ಒಬ್ಬರೇ, ಉತ್ತರ ಪತ್ರಿಕೆ ತಿದ್ದುವವರು. ಅವರು ಬೇಜಾರಾದರೂ ಓದಲೇಬೇಕು, ಅದು ಅವರ ಕೆಲಸ. ಇಲ್ಲಿ ಯಾರಿಗೂ ಆ ಕರ್ಮ ಇಲ್ಲ. ಮುನ್ನೂರು ಪದ ಎಂದ ಕೂಡಲೇ ಪೀಠಿಕೆ ತನ್ನಿಂದ ತಾನೇ ಹೋಯಿತು. "ಇಂದಿನ ಆಧುನಿಕ ಯುಗದಲ್ಲಿ" ಎಂದು ಶುರು ಮಾಡುವ ಚಟ ಹೋಯಿತು. ಉಪಸಂಹಾರ ಹೋಗಲು ಮಾತ್ರ ತುಂಬ ಸಮಯ ಹಿಡಿಯಿತು.

ಫೀಡ್‌ನಲ್ಲಿ (ಆ್ಯಪ್ ತೆರೆದಾಗ ಸಾಲಾಗಿ ಬರುವ ಪೋಸ್ಟ್‌ಗಳಲ್ಲಿ) ಪೂರ್ತಿ ಕ್ಯಾಪ್ಷನ್ ಕಾಣುವುದಿಲ್ಲ. ಮೊದಲ ಒಂದೆರಡು ಸಾಲು, ಆಮೇಲೆ ಚುಕ್ಕಿ. ಒತ್ತಿದವರಿಗೆ ಮಾತ್ರ ಉಳಿದದ್ದು. ನಮ್ಮ ಪದಗಳೋ ಉದ್ದ. 'ಹೋಗಬೇಕೆಂದುಕೊಂಡಿದ್ದವರು' ಎಂದು ಬರೆದರೆ ಅರ್ಧ ಸಾಲು ಅಲ್ಲೇ ಮುಗಿಯಿತು. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ಕೈಗೆ ಸಿಗುವುದು ಏಳೆಂಟು ಪದ. ಅಷ್ಟರಲ್ಲಿ ಓದುಗನನ್ನು ನಿಲ್ಲಿಸಬೇಕು.

ಇದರಲ್ಲಿ ಕಲಿಯಲಿಕ್ಕೆ ಬೇಕಾದಷ್ಟು ಉಂಟು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಮೀನು ಹಿಡಿಯುವ ಹಾಗಿಲ್ಲ. ಆ 61 ದಿನ ದಕ್ಕೆಯಲ್ಲಿ ಬುಟ್ಟಿ ಹೊರುವವರು, ಐಸ್ ತುಂಬುವವರು ಏನು ಮಾಡುತ್ತಾರೆ ಎಂಬುದರ ಬಗ್ಗೆ ಬರೆದಿದ್ದೆ. "ಆಗಸ್ಟ್ ಬಂದರೆ ದಕ್ಕೆಯಲ್ಲಿ ಐಸ್ ಪುಡಿ ಮಾಡುವ ಮಿಷನ್ ಮತ್ತೆ ಶುರುವಾಗುತ್ತದೆ" ಎಂಬುದು ಮೊದಲ ಸಾಲು. ಫೀಡ್‌ನಲ್ಲಿ ಇದಕ್ಕೆ ಯಾರು ನಿಲ್ಲುತ್ತಾರೆ ಎಂದುಕೊಂಡು "ಎರಡು ತಿಂಗಳು ಬಂಗುಡೆ ಇಲ್ಲದೆ ಬದುಕಿದವರು ಕೈ ಎತ್ತಿ" ಎಂದು ಬದಲಾಯಿಸಿ ಹಾಕಿದೆ. ಜನ ಬಂದರು ಮಾರಾಯ್ರೆ, ಸುಮ್ಮನೆ ಅಲ್ಲ. ಕಮೆಂಟ್ ತುಂಬ ಪುಳಿಮುಂಚಿ, ಅಂಜಲ್ ರೇಟು, ಒಣಮೀನು ಚಟ್ನಿ. ಬುಟ್ಟಿ ಹೊರುವವರ ಬಗ್ಗೆ ಒಂದು ಮಾತೂ ಇಲ್ಲ. ಓದಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ. ಮೊದಲ ಸಾಲು ಕರೆದದ್ದು ಒಂದು ಗುಂಪನ್ನು, ಒಳಗಿನ ಬರಹ ಕಾಯುತ್ತಿದ್ದದ್ದು ಇನ್ನೊಂದು ಗುಂಪನ್ನು. ಹಳೆಯ ಸಾಲು ಇದ್ದಿದ್ದರೆ ಬರುವವರು ಕಡಿಮೆ, ಆದರೆ ಅವರು ಐಸ್ ಮಿಷನ್ನಿನ ಪಕ್ಕ ನಿಂತವರ ತನಕ ಬರುತ್ತಿದ್ದರು. ಮೊದಲ ಸಾಲು ಬರೆಯುವಾಗಲೇ ನಾವು ಓದುಗರನ್ನು ಆರಿಸುತ್ತೇವೆ ಎಂದು ಕ್ಲಾಸಿನಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇನ್ನು ಓದುಗರು ಯಾರು ಎಂಬ ಪ್ರಶ್ನೆ. ಇದು ನಮ್ಮ ಊರಿನಲ್ಲಿ ಸ್ವಲ್ಪ ಗೋಜಲು. ನನ್ನ ಪಟ್ಟಿಯಲ್ಲಿ ಮುಂಬೈಯ ಚಿಕ್ಕಮ್ಮ ಇದ್ದಾರೆ, ದುಬೈಯಲ್ಲಿರುವ ನೆರೆಮನೆಯ ಅಣ್ಣ ಇದ್ದಾನೆ, ಕ್ಲಾಸಿನವರು ಇದ್ದಾರೆ, ಇಬ್ಬರು ಲೆಕ್ಚರರ್ ಇದ್ದಾರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ಕ್ಲಾಸಿನಲ್ಲಿ ಕನ್ನಡ ಮಾತಾಡುತ್ತಾರೆ, ಮೆಸೇಜ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಗೆಳತಿಯರಿಗೆ ಕನ್ನಡ ಅರ್ಥವಾಗುತ್ತದೆ, ಓದಲಿಕ್ಕೆ ಮಾತ್ರ ನಿಧಾನ. "ಎಂತ ಬರೆದದ್ದು, ಓದಿ ಹೇಳು ಮಾರಾಯ್ತಿ" ಎನ್ನುವವರೂ ಇದ್ದಾರೆ. ತುಳು ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರಲ್ಲಿ, ಅದನ್ನು ಓದಬಲ್ಲವರು ನನ್ನ ಸುತ್ತ ಕಡಿಮೆ. ಹಾಗಾಗಿ ತುಳು ಮಾತು ಬಂದರೆ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

ಈ ಎಲ್ಲರಿಗೂ ಒಟ್ಟಿಗೆ ಬರೆಯುವುದು ಆಗದ ಮಾತು. ಚಿಕ್ಕಮ್ಮನಿಗೆ ಊರಿನ ನೆನಪು ಬೇಕು. ಲೆಕ್ಚರರ್ ಓದುತ್ತಾರೆ ಎಂದು ನೆನಪಾದರೆ ಭಾಷೆ ಇಸ್ತ್ರಿ ಹಾಕಿದಂತೆ ಆಗುತ್ತದೆ. ಕ್ಲಾಸಿನವರು ಓದುತ್ತಾರೆ ಎಂದರೆ ಪ್ರತಿ ಮೂರನೇ ಸಾಲಿಗೆ ಒಂದು ಜೋಕು ಬರುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿಗೆ ಎದುರು ಕೂತವರ ಮುಖ ಕಾಣುತ್ತದೆ, ಯಾರು ತಲೆದೂಗಿದರು, ಯಾರು ಆಕಳಿಸಿದರು ಎಂದು ನೋಡಿ ಮಾತನ್ನು ತಿರುಗಿಸುತ್ತಾರೆ. ನಮಗೆ ಕಾಣುವುದು ಹೆಸರಿನ ಪಟ್ಟಿ ಮತ್ತು ಕೆಂಪು ಹೃದಯ. ಚಿಕ್ಕಮ್ಮ ಓದದೆಯೇ ಹೃದಯ ಒತ್ತುತ್ತಾರೆ. ಅದು ಪ್ರೀತಿ, ಅಭಿಪ್ರಾಯ ಅಲ್ಲ.

ಜಿಲ್ಲೆ ದಾಟಿ ಓದುಗರು ಸಿಕ್ಕಾಗ ಇನ್ನೊಂದು ಆಟ ಶುರುವಾಗುತ್ತದೆ. ಬೆಂಗಳೂರು, ಮೈಸೂರು ಕಡೆಯವರಿಗೆ ನಮ್ಮ ಕನ್ನಡ ಕೇಳಲಿಕ್ಕೆ ಮಜಾ. "ನಿಮ್ಮ ಭಾಷೆ ಎಷ್ಟು ಕ್ಯೂಟ್" ಎನ್ನುತ್ತಾರೆ. ಸಂತೋಷವೇ. ಆದರೆ ಬೇಡಿಕೆ ಗೊತ್ತಾದ ಮೇಲೆ ಕೈ ಅತ್ತ ಹೋಗುತ್ತದೆ. ಎರಡು ಸಾಲಿಗೊಂದು 'ಮಾರಾಯ್ರೆ', ಮೂರು ಸಾಲಿಗೊಂದು 'ಎಂತ ಸಾವು', ಜೊತೆಗೆ ನೀರುದೋಸೆ, ಗೋಳಿಬಜೆ, ಕಡಲು, ಮಳೆ. ಊರಿನ ಎಷ್ಟೋ ಪೇಜುಗಳು ಇದೇ ದಾರಿಯಲ್ಲಿ ಬೆಳೆದಿವೆ. ಓದಿದರೆ ಈ ಊರಿನಲ್ಲಿ ಯಾರಿಗೂ ಸಾಲ ಇಲ್ಲ, ಪರೀಕ್ಷೆ ಇಲ್ಲ, ಬಸ್ಸಿನಲ್ಲಿ ನಿಂತು ಕಾಲು ನೋಯುವುದಿಲ್ಲ, ಎಲ್ಲರೂ ಸಂಜೆ ಪಣಂಬೂರಿನಲ್ಲಿ ಸೂರ್ಯಾಸ್ತ ನೋಡುತ್ತಾ ಚರುಮುರಿ ತಿನ್ನುತ್ತಿದ್ದಾರೆ ಅನಿಸಬೇಕು. ನಾನು ಈಗ ಪೋಸ್ಟ್ ಮಾಡುವ ಮೊದಲು ನನ್ನ ರೂಮ್‌ಮೇಟ್‌ಗೆ ಓದಿ ಹೇಳುತ್ತೇನೆ. ಅವಳು ಬೆಳ್ತಂಗಡಿ ಕಡೆಯವಳು. "ನೀನು ಯಾವಾಗ ಹೀಗೆ ಮಾತಾಡಿದ್ದು?" ಎಂದು ಕೇಳಿದರೆ ಆ ಸಾಲು ಹೋಗುತ್ತದೆ. ಯಾವ ಅಲ್ಗಾರಿದಂಗೂ ಈ ಕೆಲಸ ಬರುವುದಿಲ್ಲ.

ಬರೆಯುವವರಿಗೆ ಅತ್ಯಂತ ಉಪಯೋಗದ ಸೌಲಭ್ಯ ಯಾವುದು ಎಂದರೆ ನಾನು ಹೇಳುವುದು ಕ್ಲೋಸ್ ಫ್ರೆಂಡ್ಸ್, ಅಂದರೆ ನಾವು ಆರಿಸಿದ ಕೆಲವರಿಗೆ ಮಾತ್ರ ಕಾಣುವ ಹಾಗೆ ಹಾಕುವುದು. 2018ರ ಕೊನೆಗೆ ಸ್ಟೋರಿಗಳಿಗೆ ಬಂತು, 2023ರ ನವೆಂಬರ್‌ನಲ್ಲಿ ಪೋಸ್ಟ್ ಮತ್ತು ರೀಲ್ಸ್‌ಗೂ ಬಂತು. ಹೆಚ್ಚಿನವರು ಅದನ್ನು ಮನೆಯವರಿಗೆ ಕಾಣಬಾರದ ಫೋಟೋ ಹಾಕಲು ಬಳಸುತ್ತಾರೆ. ನಾನು ಕರಡು ಹಾಕಲು ಬಳಸುತ್ತೇನೆ. ಆ ಪಟ್ಟಿಯಲ್ಲಿ ಇರುವವರು ಒಂದು ಬೆಂಚಿನಲ್ಲಿ ಕೂರುವಷ್ಟೇ ಜನ. ಕ್ಲಾಸಿನಲ್ಲಿ ಜಾಸ್ತಿ ಮಾತಾಡದ, ಆದರೆ ಓದುವ ಒಬ್ಬ ಹುಡುಗ. ಕಥೆ ಬರೆಯುವ ಒಬ್ಬ ಸೀನಿಯರ್ ಅಕ್ಕ. ಉಡುಪಿಯಲ್ಲಿ ಬಿ.ಎಡ್. ಮಾಡುತ್ತಿರುವ ಹಳೆಯ ಗೆಳತಿ. ಲೈಕ್ ಒತ್ತಿ ಹೋಗುವವರನ್ನು ಆ ಪಟ್ಟಿಗೆ ಸೇರಿಸಿಲ್ಲ. ಪಟ್ಟಿಯಲ್ಲಿ ಇರುವವರ ಉತ್ತರ ಹೀಗಿರುತ್ತದೆ: "ಎರಡನೇ ಪ್ಯಾರಾ ಬೇಡ." "ಕಂಡಕ್ಟರ್ ಹೇಳಿದ್ದು ನಿಜವಾಗಿ ಹೇಳಿದ್ದಾ, ನೀನು ಸೇರಿಸಿದ್ದಾ?" "ಚೆನ್ನಾಗಿದೆ, ಆದರೆ ಕಳೆದ ಸಲದ್ದೇ ಇದು." ಇಂಥ ಮೂರು ಸಾಲು ಸಿಕ್ಕಿದರೆ ಬರಹ ಬೇರೆಯೇ ಆಗುತ್ತದೆ. ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಹೊರಗಿನವರಿಗೂ ಹಿಡಿಸುತ್ತದೆ. ತಿರುಗಿಸಿ ಮಾಡಿದರೆ ಆಗುವುದಿಲ್ಲ, ಅದನ್ನೂ ನೋಡಿದ್ದೇನೆ.

ಸಂಖ್ಯೆಗಳ ಬಗ್ಗೆ ಸ್ವಲ್ಪ. 2021ರ ಮೇ ತಿಂಗಳಿಂದ ಲೈಕ್ ಎಷ್ಟು ಎಂಬುದನ್ನು ಅಡಗಿಸುವ ಆಯ್ಕೆ ಉಂಟು. ಅಡಗಿಸಿ. ಪ್ರೊಫೆಷನಲ್ ಖಾತೆ ಮಾಡಿಕೊಂಡರೆ ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಎಂದು ಕಾಣುತ್ತದೆ. ನನಗೆ ಅದರಲ್ಲಿ ಸೇವ್ ಒಂದೇ ಸ್ವಲ್ಪ ನಂಬಲರ್ಹ. ಇನ್ನೊಮ್ಮೆ ಓದಬೇಕು ಅನಿಸಿದವರು ಮಾತ್ರ ಅದನ್ನು ಒತ್ತುವುದು. ಆದರೂ ವಾರಕ್ಕೊಮ್ಮೆಗಿಂತ ಜಾಸ್ತಿ ನೋಡಬೇಡಿ, ತಲೆ ಕೆಡುತ್ತದೆ.

ಬರಹವನ್ನು ಚಿತ್ರದ ಒಳಗೆ ಹಾಕಿ ಸ್ಲೈಡ್ ಮಾಡುವ ಕ್ರಮ ಈಗ ಜೋರು. ಮೊದಲು ಹತ್ತು ಸ್ಲೈಡ್ ಮಿತಿ ಇತ್ತು, 2024ರಿಂದ ಇಪ್ಪತ್ತು. ಕ್ಯಾಪ್ಷನ್‌ಗಿಂತ ಉದ್ದದ ಬರಹ ಇದರಲ್ಲಿ ಹಿಡಿಯುತ್ತದೆ, ಅಕ್ಷರ ಚೆಂದ ಮಾಡಬಹುದು. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಕೆಲವು ಫೋಟೋ ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕದಲ್ಲಿ ಬೀಳುತ್ತದೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ. ಆದರೆ ನಾನು ಸ್ಲೈಡ್‌ನಲ್ಲಿ ಹಾಕಿದ್ದನ್ನು ಕ್ಯಾಪ್ಷನ್‌ನಲ್ಲೂ ಹಾಕುತ್ತೇನೆ, ಹಿಡಿದಷ್ಟು. ಕಾರಣ ಉಂಟು. ನಮ್ಮ ಬ್ಯಾಚಿನಲ್ಲಿ ಕಣ್ಣು ಕಾಣದ ಒಬ್ಬ ಸಹಪಾಠಿ ಇದ್ದಾನೆ. ಅವನ ಫೋನ್ ಕ್ಯಾಪ್ಷನ್ನಿನ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಚಿತ್ರದ ಒಳಗಿನ ಕನ್ನಡವನ್ನು ಓದುತ್ತಿರಲಿಲ್ಲ. ನನ್ನ ಖಾತೆಯಲ್ಲಿ ಅತಿ ಹೆಚ್ಚು ಗಮನ ಕೊಟ್ಟು ಓದುವವನು, ಕೇಳುವವನು ಅನ್ನಬೇಕು, ಅವನೇ. ಅವನನ್ನು ಬಿಟ್ಟು ಚೆಂದದ ಫಾಂಟ್ ಕಟ್ಟಿಕೊಂಡು ಏನು ಮಾಡುವುದು?

ಅವನಿಂದಲೇ ಇನ್ನೊಂದು ಉಪಕಾರ ಆಯಿತು. ಗಟ್ಟಿಯಾಗಿ ಓದಿದರೆ ನನ್ನ ವಾಕ್ಯ ಹೇಗೆ ಕೇಳುತ್ತದೆ ಎಂದು ಅವನ ಫೋನಿನಲ್ಲಿ ಕೇಳಿದೆ. 'ಹೋಗಿ, ನೋಡಿ, ಮಾತಾಡಿಸಿ, ಬಂದು, ಕೂತು' ಎಂದು ಕ್ರಿಯಾಪದ ಪೋಣಿಸುತ್ತಾ ಹೋದರೆ ಯಂತ್ರಕ್ಕೂ ಉಸಿರು ಕಟ್ಟುತ್ತದೆ. ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಿಷೇಧವಾಗಿ, ಮುಂದಿನ ತಿಂಗಳೇ ಇಲ್ಲಿ ರೀಲ್ಸ್ ಬಂದ ಮೇಲೆ ಈ ಆ್ಯಪ್‌ನಲ್ಲಿ ವಿಡಿಯೋದ್ದೇ ಕಾರುಬಾರು, ಬರಹ ಮೂಲೆಗೆ ಸರಿದಿದೆ. ಅದಕ್ಕೆ ಬೈಯುವವರು ತುಂಬ ಜನ. ನಾನು ನನ್ನ ಬರಹವನ್ನು ಓದಿ ರೀಲ್ಸ್ ಮಾಡಿದೆ, ಹಿನ್ನೆಲೆಯಲ್ಲಿ ಬಸ್ಸಿನ ಕಿಟಕಿ, ಅಷ್ಟೇ. ಹೊಸಬರು ಬರುವುದು ಅದರಿಂದಲೇ. ಓದುವಾಗ ನಾಲಿಗೆ ತಡವರಿಸಿದ ಕಡೆಯಲ್ಲೆಲ್ಲ ವಾಕ್ಯ ತುಂಡು ಮಾಡಿದೆ. ಬರಹಕ್ಕೆ ಲಾಭವೇ ಆಯಿತು.

ನನ್ನಂಥ ಹುಡುಗಿಯರಿಗೆ ಒಂದು ಮಾತು. ಖಾತೆ ಎಲ್ಲರಿಗೂ ತೆರೆದಿಟ್ಟರೆ ಅಪರಿಚಿತರ ಮೆಸೇಜ್ ಬಂದೇ ಬರುತ್ತದೆ. ಅದು ಬೇರೆ ಪೆಟ್ಟಿಗೆಗೆ ಹೋಗಿ ಬೀಳುತ್ತದೆ, ತೆರೆಯದೆ ಅಳಿಸಬಹುದು. ಬೇಡದ ಪದಗಳ ಪಟ್ಟಿ ಕೊಟ್ಟರೆ ಅಂಥ ಕಮೆಂಟ್ ಅಡಗುತ್ತದೆ. ಆ ಪಟ್ಟಿಗೆ ಕನ್ನಡ, ತುಳು ಬೈಗುಳಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಯಲ್ಲಿ ನೀವೇ ಸೇರಿಸಬೇಕು, ಒಂದು ಸಂಜೆ ಕೂತು ಮಾಡುವ ಕೆಲಸ. ನಾವಿಬ್ಬರು ರೂಮಿನಲ್ಲಿ ನಕ್ಕು ನಕ್ಕು ಮಾಡಿದೆವು. ಧರ್ಮ, ಜಾತಿ, ಯಾರು ಯಾರ ಜೊತೆ ತಿರುಗಿದರು, ಇಂಥದ್ದರ ಹತ್ತಿರ ಹೋಗುವ ಬರಹ ನಮ್ಮ ಜಿಲ್ಲೆಯಲ್ಲಿ ಬೇಗ ಬೆಂಕಿ ಹಿಡಿಯುತ್ತದೆ. ಬರೆಯಬಾರದು ಎಂದು ನಾನು ಹೇಳುವುದಿಲ್ಲ, ಬರೆದಿದ್ದೇನೆ. ಆದರೆ ಅಂಥ ಪೋಸ್ಟ್‌ಗೆ ಕಮೆಂಟ್ ಮುಚ್ಚಿ ಹಾಕುತ್ತೇನೆ. ಓದುವವರು ಓದುತ್ತಾರೆ, ಜಗಳಕ್ಕೆ ಬಂದವರಿಗೆ ಜಗಲಿ ಸಿಗುವುದಿಲ್ಲ.

ದುಡ್ಡು ಕೊಟ್ಟು ನೀಲಿ ಟಿಕ್ ತೆಗೆದುಕೊಳ್ಳಬೇಕಾ? 2023ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಮೊಬೈಲ್‌ನಲ್ಲಿ ತಿಂಗಳಿಗೆ 699 ರೂಪಾಯಿ ಇತ್ತು. ಬೇಡ. ಆ ದುಡ್ಡಿಗೆ ಪುಸ್ತಕ ಬರುತ್ತದೆ.

ಬೇರೆ ದಾರಿಗಳ ಜೊತೆ ಇದನ್ನು ಹೋಲಿಸಬೇಕು ಅಲ್ವಾ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯ, ಅದು ಬರಹದ ಜಾಗ ಅಲ್ಲ. ಫೇಸ್‌ಬುಕ್‌ನಲ್ಲಿ ಉದ್ದಕ್ಕೆ ಬರೆಯಬಹುದು, ಕನ್ನಡ ಓದುವ ಹಿರಿಯರು ಅಲ್ಲೇ ಇದ್ದಾರೆ, ಆದರೆ ನನ್ನ ವಯಸ್ಸಿನವರು ಅತ್ತ ತಲೆ ಹಾಕುವುದಿಲ್ಲ. ಪತ್ರಿಕೆಗೆ ಕಳಿಸಿದರೆ ಕಾಯಬೇಕು, ಬಂದರೆ ಅಮ್ಮ ಕತ್ತರಿಸಿ ಇಡುತ್ತಾರೆ. ಆ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ.

ಆದರೆ ನಿಜವಾದ ಪೈಪೋಟಿ ಕಾಲೇಜಿನ ಭಿತ್ತಿಪತ್ರಿಕೆಯದ್ದು. ನಗಬೇಡಿ. ಡ್ರಾಯಿಂಗ್ ಶೀಟಿನಲ್ಲಿ ಕೈಯಲ್ಲಿ ಬರೆದು ಅಂಟಿಸುವುದು. ಡಿಗ್ರಿಯಲ್ಲಿ ನಮ್ಮದು ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿತ್ತು. ದೂರ ನಿಂತು ನೋಡಿದರೆ ಯಾರು ಎಲ್ಲಿ ತನಕ ಓದಿದರು ಎಂದು ಗೊತ್ತಾಗುತ್ತಿತ್ತು. ಕಣ್ಣು ಎಲ್ಲಿ ಜಾರಿತು, ಎಲ್ಲಿ ನಗು ಬಂತು, ಎಲ್ಲಿ ಬೆಲ್ ಹೊಡೆಯಿತು. ಯಾರೋ ಪೆನ್ಸಿಲ್‌ನಲ್ಲಿ ನನ್ನ ಅಲ್ಪಪ್ರಾಣ, ಮಹಾಪ್ರಾಣ ತಿದ್ದಿ ಹೋಗುತ್ತಿದ್ದರು. ಯಾರೆಂದು ಇವತ್ತಿಗೂ ಪತ್ತೆ ಆಗಿಲ್ಲ, ಆದರೆ ಅವರಷ್ಟು ಒಳ್ಳೆಯ ಓದುಗರು ಇನ್‌ಸ್ಟಾದಲ್ಲಿ ನನಗೆ ಸಿಕ್ಕಿದ್ದು ಅಪರೂಪ. ನಿಮ್ಮ ಕಾಲೇಜಿನಲ್ಲಿ ಭಿತ್ತಿಪತ್ರಿಕೆ ಇನ್ನೂ ಉಳಿದಿದ್ದರೆ ಮೊದಲು ಅದಕ್ಕೆ ಕೊಡಿ, ಆಮೇಲೆ ಫೋಟೋ ತೆಗೆದು ಇಲ್ಲಿ ಹಾಕಿ.

ದಿನಾ ಏನಾದರೂ ಹಾಕಬೇಕು ಎಂಬ ಒತ್ತಡದ ಬಗ್ಗೆಯೂ ಕೇಳುತ್ತಾರೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇದೇ ಊರಿನಿಂದ ಹೊರಟದ್ದು, 1843ರ ಜುಲೈ 1ರಂದು. ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆಯುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನದ ಶುಭಾಶಯ ಎಂದು ಒಂದೇ ಥರದ ಪೋಸ್ಟರ್ ಫೀಡ್ ತುಂಬ ಬರುತ್ತದೆ, ಆ ಹದಿನೈದು ದಿನದ ಲೆಕ್ಕವನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. ನನಗೆ ಇಷ್ಟವಾದದ್ದು ಅದೇ. ಈಗ ನನ್ನದೂ ಹದಿನೈದು ದಿನಕ್ಕೊಂದು. ಮೊದಲ ವಾರ ಕರಡು, ಕ್ಲೋಸ್ ಫ್ರೆಂಡ್ಸ್‌ಗೆ. ಎರಡನೇ ವಾರ ತಿದ್ದುವುದು. ನಡುವೆ ಖಾತೆ ಖಾಲಿ ಕೂತರೆ ರೀಚ್ (ಬರಹ ಎಷ್ಟು ಜನರಿಗೆ ತಲುಪುತ್ತದೆ ಎಂಬ ಲೆಕ್ಕ) ಬಿದ್ದುಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಬೀಳಲಿ.

ಕೊನೆಗೆ, ಬರೆಯುವವರು ಮಾಡಲೇಬೇಕಾದ ಒಂದು ಕೆಲಸ. ಕ್ಯಾಪ್ಷನ್ ಬಾಕ್ಸಿನಲ್ಲಿ ನೇರ ಬರೆಯಬೇಡಿ. ನೋಟ್ಸ್‌ನಲ್ಲೋ ಡಾಕ್ಸ್‌ನಲ್ಲೋ ಬರೆದು, ಅಲ್ಲಿಂದ ಕಾಪಿ ಮಾಡಿ ಹಾಕಿ. ನಾಲ್ಕು ವರ್ಷದ ಹಿಂದಿನ ಬರಹವನ್ನು ಆ್ಯಪ್‌ನಲ್ಲಿ ಹುಡುಕಬೇಕಾದರೆ ಬೆರಳು ಸವೆಯುವಷ್ಟು ಸ್ಕ್ರಾಲ್ ಮಾಡಬೇಕು. ಈಗಾಗಲೇ ಎಲ್ಲ ಅಲ್ಲೇ ಬರೆದು ಕೂತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡುವ ಆಯ್ಕೆ ಉಂಟು. ಅದು ಎರಡು ರೂಪದಲ್ಲಿ ಕೊಡುತ್ತದೆ, ಎಚ್‌ಟಿಎಂಎಲ್ ಮತ್ತು ಜೇಸನ್. ಎಚ್‌ಟಿಎಂಎಲ್ ಆರಿಸಿ. ಜೇಸನ್‌ನಲ್ಲಿ ಕನ್ನಡವೆಲ್ಲ ಓದಲಾಗದ ಚಿಹ್ನೆಗಳಾಗಿ ಬರುತ್ತದೆ, ಸರಿ ಮಾಡಲು ಕಂಪ್ಯೂಟರ್ ಸೈನ್ಸ್‌ನ ಗೆಳೆಯರನ್ನು ಹಿಡಿಯಬೇಕಾಗುತ್ತದೆ. ಕೇಳಿದ ಕೂಡಲೇ ಫೈಲ್ ಸಿಗುವುದಿಲ್ಲ, ತಯಾರಾದ ಮೇಲೆ ಇಮೇಲ್ ಬರುತ್ತದೆ, ಡೌನ್‌ಲೋಡ್ ಮಾಡಲು ಕೆಲವೇ ದಿನ ಅವಕಾಶ. ಸೆಮಿಸ್ಟರ್ ರಜೆಯಲ್ಲಿ ಕಾಲೇಜು ವೈಫೈ ಬಿಡುವಾಗಿರುತ್ತದೆ, ಆಗ ಮಾಡಿ ಮುಗಿಸಿ.